ಎರಡನೇ ಸಾಲಿನ ಸದ್ದು

ಸದ್ದು ಎರಡನೇ ಸಾಲಿನಿಂದಲೇ ಬಂತು ಅನ್ನುವುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಯೋಗದ ಕ್ಲಾಸಿನಲ್ಲಿ ಎಲ್ಲರೂ ಅಂಗಾತ ಮಲಗಿ, ಬಲ ಮಂಡಿಯನ್ನು ಎದೆಗೆ ತಬ್ಬಿಕೊಂಡು, ಮೆಲ್ಲಗೆ ಉಸಿರು ಬಿಡುತ್ತಿದ್ದರು. ಕೆಳಗಿನ ಬಡಗಿ ಅಂಗಡಿಯ ಗರಗಸವೂ ಅದೇ ಗಳಿಗೆಯಲ್ಲಿ ನಿಂತಿತ್ತು. ಹಾಗಾಗಿ ಅತ್ತೆಯ ಹೂಸು ಹಳೇ ಬಟ್ಟೆ ಹರಿದ ಹಾಗೆ, ಉದ್ದಕ್ಕೆ, ತಡೆತಡೆದು, ಕೋಣೆಯ ನಾಲ್ಕೂ ಮೂಲೆಗೆ ಕೇಳಿಸಿತು.

"ಕ್ಷಮಿಸಿ," ಎಂದಳು ಪಕ್ಕದಲ್ಲಿದ್ದ ಸೊಸೆ. ಕ್ಷಮೆ ಕೇಳು ಅಂತ ಯಾರೂ ಅಂದಿರಲಿಲ್ಲ, ಬಾಯಿಗೆ ತಾನಾಗಿ ಬಂತು. ಚಪ್ಪಲಿ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಕಾಲ ಬಳಿ ಕೂತು, ಅಳತೆ ಸರಿಹೋಗದಿದ್ದರೆ ಅವರ ಪಾದದ ತಪ್ಪಿಗೂ ತಾನೇ ಕ್ಷಮೆ ಕೇಳಿ ಅವಳಿಗೆ ರೂಢಿ.

ಹಿಂದೆ ಯಾರೋ ಕಿಸಕ್ಕೆಂದರು. ಆಚೆ ಮ್ಯಾಟಿನ ವಕೀಲರಮ್ಮ ಟವೆಲನ್ನು ಮೂಗಿಗೆ ಒತ್ತಿಕೊಂಡು ಎದ್ದು ಕೂತರು. "ಕಿಟಕಿ ತೆಗೀರಪ್ಪಾ ಯಾರಾದ್ರೂ. ಮಲಗಿದಲ್ಲೇ ಪ್ರಾಣ ಹೋಗತ್ತೆ."

ಯೋಗದ ಮೇಡಂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

"ಎಲ್ರಿಗೂ ಹೇಳ್ತಿದೀನಿ, ಒಬ್ರಿಗೇ ಅಂತಲ್ಲ," ಎಂದರು ಬೆಣ್ಣೆಯಂಥ ದನಿಯಲ್ಲಿ. "ಇಂಥ ತೊಂದರೆ ಇರೋರು ಸ್ವಲ್ಪ ದಿನ ಮನೇಲೇ ಮಾಡ್ಕೊಂಡ್ರೆ ಒಳ್ಳೇದು. ಪಕ್ಕದೋರ ಬಗ್ಗೆ ಯೋಚ್ನೆ ಮಾಡೋದೂ ಯೋಗವೇ."

ಅತ್ತೆ ಎದ್ದು ಮ್ಯಾಟ್ ಸುತ್ತತೊಡಗಿದರು. ಸೊಸೆ ಆ ಬಗ್ಗಿದ ಬೆನ್ನನ್ನೇ ನೋಡಿದಳು. ಒಂದು ಕಾಲಕ್ಕೆ ಬಸ್ಸಿನಲ್ಲಿ ಸೀಟಿಗಾಗಿ ಗಂಡಸರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದ ಹೆಂಗಸು. ಕರುಳಿನ ಆಪರೇಷನ್ ಆದಾಗಿನಿಂದ ಹೊಸಿಲು ದಾಟಿರಲಿಲ್ಲ. ನೆಂಟರು ಬಂದರೆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕಾಡಿ ಬೇಡಿ ಇಲ್ಲಿಗೆ ಕರೆತಂದದ್ದಾಗಿತ್ತು. ಇವತ್ತು ಹೀಗೆ ಮೆಟ್ಟಿಲಿಳಿದರೆ ಇನ್ನು ಯಾರ ಮನೆ ಮೆಟ್ಟಿಲನ್ನೂ ಅವರು ಹತ್ತುವವರಲ್ಲ.

"ನಡಿಯೇ," ಎಂದರು ಅತ್ತೆ, ನೆಲ ನೋಡುತ್ತಾ. "ಬೇಡ ಅಂತ ಬಡ್ಕೊಂಡೆ. ಕೇಳಿದ್ಯಾ?"

ಸೊಸೆ ಎದ್ದು ನಿಂತಳು. ತಾನು ಬಾಯಿಬಿಟ್ಟರೆ ಅತ್ತೆಯ ಮಾನ ಇನ್ನಷ್ಟು ಬೀದಿಗೆ ಬೀಳುತ್ತದೇನೋ ಎಂಬ ಅಳುಕು ಮೊದಲು ಬಂತು. ಅದರ ಬೆನ್ನಿಗೇ ಮಾತೂ ಬಂತು.

"ಮೇಡಂ, ಆಗ ಕ್ಷಮಿಸಿ ಅಂದೆನಲ್ಲ, ಅದನ್ನ ವಾಪಸ್ ತಗೋತೀನಿ."

"ಅಯ್ಯೋ, ಅದೆಲ್ಲ ಯಾಕೀಗ..."

"ಆಪರೇಷನ್ ಆದ್ಮೇಲೆ ಇವರಿಗೆ ಗಾಳಿ ಹೋಗ್ಲೇ ಇಲ್ಲ. ಹೊಟ್ಟೆ ಚೆಂಡಿನ ಥರ ಉಬ್ಬಿತ್ತು. ನರ್ಸು ಬಂದಾಗೆಲ್ಲ ಒಂದೇ ಪ್ರಶ್ನೆ, 'ಹೋಯ್ತಾ? ಹೋಯ್ತಾ?' ಹೋಗ್ಲಿಲ್ಲ ಅಂದ್ರೆ ಮತ್ತೆ ಹೊಟ್ಟೆ ಕೊಯ್ಬೇಕು ಅಂದ್ರು ಡಾಕ್ಟ್ರು. ನನ್ನ ಗಂಡ ವರಾಂಡದಲ್ಲಿ ಕೂತು ಮಗು ಥರ ಅಳ್ತಿದ್ರು. ಕೊನೆಗೆ ಬಂತು ನೋಡಿ. ಇದೇ ಸದ್ದು! ವಾರ್ಡಿಗೆ ವಾರ್ಡೇ ಚಪ್ಪಾಳೆ ಹೊಡೀತು. ಡಾಕ್ಟ್ರು ನನ್ನ ಕೈ ಕುಲುಕಿದ್ರು, ಹೂಸು ಬಿಟ್ಟೋಳು ನಾನೇ ಅನ್ನೋ ಹಾಗೆ."

ಮ್ಯಾಟ್ ಸುತ್ತುತ್ತಿದ್ದ ಅತ್ತೆಯ ಕೈ ನಿಂತಿತು.

"ಅಲ್ಲಿ ಚಪ್ಪಾಳೆ ತಗೊಂಡಿದ್ದಕ್ಕೆ ಇಲ್ಲಿ ತಲೆ ತಗ್ಗಿಸೋದು ನನ್ನಿಂದಾಗಲ್ಲ. ನಾವು ಹೋಗಲ್ಲ. ಮೂಗು ಮುಚ್ಕೊಳ್ಳೋರು ಮುಚ್ಕೊಳ್ಳಿ."

"ಇದೊಳ್ಳೆ ಕಥೆ," ಎಂದರು ವಕೀಲರಮ್ಮ ಟವೆಲಿನೊಳಗಿಂದ. "ಅದಕ್ಕೇಂತ ನಮ್ಮ ಮುಖದ ಮೇಲೇನಾ?"

ಉತ್ತರ ಕೊಟ್ಟದ್ದು ಅತ್ತೆ. "ಮುಖ ಆ ಕಡೆ ತಿರುಗಿಸ್ಕೊಳ್ಳಮ್ಮಾ. ನಿನ್ನ ಕತ್ತಿಗೂ ಒಂದು ಆಸನ ಆಗತ್ತೆ."

ಈ ಸಲ ಕಿಸಕ್ಕೆಂದದ್ದು ಒಬ್ಬರಲ್ಲ.

"ಎಡಗಾಲು," ಎಂದರು ಕೊನೆಗೆ ಮೇಡಂ.

ಅತ್ತೆ ಮ್ಯಾಟನ್ನು ಕಂಕುಳಲ್ಲಿಟ್ಟುಕೊಂಡು, ಮಲಗಿದ್ದವರ ನಡುವೆಯೇ ಹಾದು, ಮೊದಲ ಸಾಲಿನ ಮುಂದೆ, ಮೇಡಂ ಎದುರಿಗೇ ಹಾಸಿದರು. ಅಂಗಾತ ಮಲಗಿ, ಎಡ ಮಂಡಿಯನ್ನು ಎರಡೂ ಕೈಯಲ್ಲಿ ತಬ್ಬಿ ಕಣ್ಣು ಮುಚ್ಚಿದರು. ಹಿಂದೆ ಇಡೀ ಕೋಣೆ ಉಸಿರು ಬಿಗಿಹಿಡಿದಿತ್ತು. ಅತ್ತೆಗೆ ಯಾವ ಅವಸರವೂ ಇರಲಿಲ್ಲ. ಮಂಡಿಯನ್ನು ಹೊಟ್ಟೆಗೆ ಇನ್ನೂ ಕೊಂಚ ಒತ್ತಿಕೊಂಡರು.