ಬೋರ್ಗಿಲ್ ಗುಡ್ಡದ ಬೆಣಚುಕಲ್ಲು

ಸುನ್ನಿವಾ ಮತ್ತು ಸೀವ್ ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ ನಾಲ್ಕು ವರ್ಷದಿಂದ ಒಂದೇ ಬಾಡಿಗೆ ಮನೆಯಲ್ಲಿದ್ದರು. ಇಬ್ಬರದೂ ಒಂದೇ ಓದು: ಭೂವಿಜ್ಞಾನ, ಜೊತೆಗೆ ಸಂಪನ್ಮೂಲಗಳ ಅರ್ಥಶಾಸ್ತ್ರ. ಆದರೆ ಸುನ್ನಿವಾಳ ಜೀವವೆಲ್ಲ ಕಲ್ಲಿನ ಮೇಲೆ, ಸೀವ್‌ಳದ್ದು ಲೆಕ್ಕದ ಮೇಲೆ. "ನೀನು ಒಡಿ, ನಾನು ಬೆಲೆ ಕಟ್ತೀನಿ" ಎಂದು ಸೀವ್ ನಗುತ್ತಿದ್ದಳು. ಕೊನೆಯ ವರ್ಷದ ಪ್ರಬಂಧವನ್ನು ಇಬ್ಬರೂ ಸೇರಿ ಬರೆಯುವುದೆಂದು ಯಾರೂ ಕೂತು ತೀರ್ಮಾನಿಸಬೇಕಾಗಲಿಲ್ಲ. ಅದು ತಾನಾಗಿಯೇ ಹಾಗಾಗಿತ್ತು.

ಅವರು ಆರಿಸಿಕೊಂಡದ್ದು ಫ್ಯೋರ್ಡ್ ಎಂಬ ಕಿರಿದಾದ ಕಡಲಕವಲಿನ ತುದಿಯ ಒಂದು ಹಳ್ಳಿಯಲ್ಲಿ ಬೋರ್ಗಿಲ್ ಎಂಬ ಎಪ್ಪತ್ತನಾಲ್ಕರ ಹೆಂಗಸಿನ ಗುಡ್ಡ. ಗುಡ್ಡದ ಮೈಯೆಲ್ಲ ಬೆಣಚುಕಲ್ಲು. ತಾಮ್ರ, ನಿಕ್ಕಲ್‌ನಂಥ ಲೋಹ ಸಿಕ್ಕರೆ ಅದು ಸರ್ಕಾರದ ಪಾಲು; ಬೆಣಚುಕಲ್ಲಾದರೆ ನೆಲ ಯಾರದೋ ಅವರದೇ. ಬೋರ್ಗಿಲ್‌ಗೂ ಅದು ಗೊತ್ತಿತ್ತು. ಜೂನ್‌ನಲ್ಲಿ ಹುಡುಗಿಯರು ಅನುಮತಿ ಕೇಳಲು ಹೋದಾಗ, ಬೋರ್ಗಿಲ್ ಬಿಸಿ ವಾಫಲ್ ದೋಸೆಯ ಮೇಲೆ ಕಂದು ಚೀಸ್ ಹೆರೆದು ಹಾಕುತ್ತ ಹೇಳಿದರು:

"ಎಷ್ಟು ಬೇಕಾದ್ರೂ ಒಡ್ಕೊಳ್ಳಿ. ಒಂದೇ ಮಾತು. ಏನು ಸಿಕ್ಕಿದ್ರೂ ಮೊದ್ಲು ನಂಗೆ ಹೇಳ್ಬೇಕು."

"ಖಂಡಿತ" ಎಂದು ಸುನ್ನಿವಾ ಕೈ ಕುಲುಕಿದಳು. ಸೀವ್ ಆಗ ಎರಡನೇ ದೋಸೆ ತಿನ್ನುತ್ತಿದ್ದಳು.

ಆ ಬೇಸಿಗೆ ತಂದ ಕಲ್ಲೆಲ್ಲ ಮೇಲ್ಪದರದ್ದು, ಕಬ್ಬಿಣದ ಕಲೆ ಹಿಡಿದದ್ದು. ಅಕ್ಟೋಬರ್‌ನಲ್ಲಿ ಪ್ರಯೋಗಾಲಯದ ಫಲಿತಾಂಶ ನೋಡಿ ಇಬ್ಬರೂ ಮುಖ ಸಪ್ಪಗೆ ಮಾಡಿಕೊಂಡರು.

"ಪಾಪ, ಆ ಮುದುಕಿ ಕಾಯ್ತಿರುತ್ತೆ ಕಣೇ. ಒಂದು ಕಾಗದ ಬರ್ದುಬಿಡು" ಎಂದಳು ಸೀವ್. ಸುನ್ನಿವಾ ಬರೆದಳು: ಸದ್ಯಕ್ಕೆ ನೋಡಿದ ಮಟ್ಟಿಗೆ ಮಾರುವಂಥದ್ದೇನೂ ಇಲ್ಲ, ಬರೀ ಕಲ್ಲು, ಕ್ಷಮಿಸಿ. ಕೆಳಗೆ ಸಹಿ ಹಾಕಿದಳು.

ಗುಡ್ಡದ ಹಿಂಬದಿಯಲ್ಲಿ ಬೋರ್ಗಿಲ್‌ರ ಅಜ್ಜನ ಕಾಲದಲ್ಲಿ ತೋಡಿ ಬಿಟ್ಟ ಒಂದು ಸುರಂಗವಿತ್ತು. ಕಾಗದ ಕಳಿಸಿದ ಮೇಲೆ, ಹಿಮ ಬೀಳುವ ಮುಂಚೆ ಸುನ್ನಿವಾ ಅದರೊಳಗೆ ತೆವಳಿ ಒಂದಷ್ಟು ಕಲ್ಲು ತಂದಳು. ಫೆಬ್ರವರಿಯಲ್ಲಿ ಅದರ ವರದಿ ಬಂತು. ಗಾಜಿಗೆ, ಕಂಪ್ಯೂಟರ್ ಚಿಪ್ಪಿಗೆ ಬೇಕಾಗುವ ಹಾಲಿನಂಥ ಕಲ್ಲು, ಅಷ್ಟು ಶುದ್ಧದ್ದು ದೇಶದಲ್ಲೇ ಎರಡು ಮೂರು ಕಡೆ ಸಿಕ್ಕೀತು. ಇಬ್ಬರೂ ಅಡುಗೆಮನೆಯಲ್ಲಿ ಕುಣಿದಾಡಿದರು. ಬೋರ್ಗಿಲ್‌ಗೆ ಹೇಳಲು ಸುನ್ನಿವಾ ಆಗಲೇ ಫೋನ್ ಕೈಗೆತ್ತಿಕೊಂಡಿದ್ದಳು.

"ತಡಿಯೇ ಮಾರಾಯ್ತಿ" ಎಂದು ಸೀವ್ ಫೋನ್ ಕಿತ್ತುಕೊಂಡಳು. "ಎಷ್ಟು ಬೆಲೆ ಬಾಳುತ್ತೆ ಅಂತ ಕೇಳಿದ್ರೆ ಏನು ಹೇಳ್ತೀಯಾ? ನಂದು ಲೆಕ್ಕ ಮುಗೀಲಿ. ಈಸ್ಟರ್ ಆದ್ಮೇಲೆ ಇಬ್ಬರೂ ಹೋಗಿ ಎದುರಿಗೇ ಹೇಳೋಣ. ಆ ಮುಖ ನೋಡ್ಬೇಕು ನಂಗೆ!"

ಸುನ್ನಿವಾಳಿಗೆ ಅದು ಸರಿ ಎನಿಸಿತು. ಒಳ್ಳೆಯ ಸುದ್ದಿಯನ್ನು ಬಚ್ಚಿಟ್ಟುಕೊಳ್ಳುವುದರಲ್ಲೂ ಒಂದು ಸುಖವಿತ್ತು.

ಈಸ್ಟರ್ ಕಳೆಯಿತು. ಸೀವ್‌ಗೆ ಒಂದಲ್ಲ ಒಂದು ಅಡಚಣೆ. ಕೊನೆಗೆ ತಡೆಯಲಾರದೆ ಸುನ್ನಿವಾ ಒಬ್ಬಳೇ ಬಸ್ ಹತ್ತಿದಳು.

ಬೋರ್ಗಿಲ್ ಅಂಗಳದಲ್ಲಿ ಸೌದೆ ಜೋಡಿಸುತ್ತಿದ್ದರು. ಸುನ್ನಿವಾ ಬಾಯಿ ತೆಗೆಯುವ ಮುಂಚೆಯೇ, "ಗುಡ್ಡ ಮಾರಿಬಿಟ್ಟೆ" ಎಂದರು.

"ಯಾರಿಗೆ?"

"ಯಾರಿಗೆ ಅಂದ್ರೆ? ನಿನ್ನ ಗೆಳತಿ ಚಿಕ್ಕಪ್ಪಂಗೆ. ಕುರಿ ಮೇಯ್ಸಕ್ಕಂತೆ. ಮಾರ್ಚ್‌ನಲ್ಲಿ ಆ ಹುಡ್ಗೀನೇ ಕರ್ಕೊಂಡು ಬಂದಿದ್ಲಲ್ಲ, ಕೇಕ್ ಬೇರೆ ತಂದಿದ್ಲು. ಸುನ್ನಿವಾ ನಿಮ್ಮ ಕ್ಷೇಮ ಕೇಳಿದ್ಲು ಅಂತ ಹೇಳಿದ್ಲು. ಸುಮ್ನೆ ಬಿದ್ದಿರೋ ಕಲ್ಲು ಯಾಕೆ ಇಟ್ಕೋತೀರಿ, ಸುನ್ನಿವಾ ಬರ್ದಿರೋ ಕಾಗದ ನಿಮ್ಮ ಹತ್ರಾನೇ ಇದ್ಯಲ್ಲ, ತೆಗ್ದು ನೋಡಿ ಅಂದ್ಲು. ನೋಡ್ದೆ." ಮುದುಕಿ ಸುನ್ನಿವಾಳ ಮುಖ ನೋಡಿ ಕೈಯಲ್ಲಿದ್ದ ಸೌದೆ ಕೆಳಗಿಟ್ಟರು. "ಯಾಕೆ? ಏನಾಯ್ತು?"

ಸುನ್ನಿವಾ ನಿಂತಲ್ಲೇ ಎಲ್ಲ ಹೇಳಿದಳು. ಬೋರ್ಗಿಲ್ ಕೂಗಾಡಲಿಲ್ಲ.

"ಫೆಬ್ರವರಿಯಿಂದ ಗೊತ್ತಿತ್ತಾ ನಿಂಗೆ?"

"ಹೌದು."

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸುನ್ನಿವಾ ಮನೆ ತಲುಪಿದಾಗ ಸೀವ್ ಮೀನಿನ ಸೂಪ್ ಕಾಯಿಸುತ್ತಿದ್ದಳು. ಸುನ್ನಿವಾಳ ಕೋಟು, ಬೂಟು ನೋಡಿದವಳೇ ಒಲೆ ಆರಿಸಿದಳು.

"ಅಲ್ಲಿಗೆ ಹೋಗಿದ್ಯಾ?"

"ನನ್ನ ಹೆಸರು ಹೇಳ್ಕೊಂಡು ಹೋದೆಯಲ್ಲೇ."

"ನಾನೇನು ಸುಳ್ಳು ಹೇಳಿದ್ನಾ? ಕಾಗದ ನಿಂದೇ. ಅದ್ರಲ್ಲಿ ಒಂದಕ್ಷರ ಸುಳ್ಳಿದ್ಯಾ?"

"ಅದು ಅಕ್ಟೋಬರ್‌ನಲ್ಲಿ ಬರ್ದಿದ್ದು ಸೀವ್!"

"ಇನ್ನೇನು ಓದಿದ್ವಿ ನಾವು ನಾಲ್ಕು ವರ್ಷ? ಗೊತ್ತಿದ್ದವರು ಕೊಳ್ತಾರೆ, ಗೊತ್ತಿಲ್ದವರು ಮಾರ್ತಾರೆ. ಆ ಮುದುಕಿ ಏನು ಗಣಿ ತೋಡ್ತಿತ್ತಾ?" ಆಮೇಲೆ ದನಿ ತಗ್ಗಿಸಿ, "ನಿಂಗೂ ಪಾಲು ಇಡ್ಸಿದ್ದೀನಿ ಕಣೇ. ಪರೀಕ್ಷೆ ಮುಗಿದ್ಮೇಲೆ ಹೇಳೋಣ ಅಂತಿದ್ದೆ" ಎಂದಳು.

ಪಾಲು ಎಂಬ ಮಾತು ಕೇಳಿದಾಗ ಸುನ್ನಿವಾ ಬಿಚ್ಚುತ್ತಿದ್ದ ಬೂಟಿನ ದಾರವನ್ನು ಮತ್ತೆ ಬಿಗಿದಳು. ತಾನು ಒಪ್ಪಿಯೇ ಒಪ್ಪುತ್ತೇನೆಂದು ಇವಳು ತಿಂಗಳುಗಟ್ಟಲೆ ನಂಬಿ ಕೂತಿದ್ದಳಲ್ಲ.

ಆದರೆ ಅಷ್ಟು ದೊಡ್ಡ ಜಮೀನು ಕೈ ಬದಲಾಗಬೇಕಾದರೆ ಪುರಸಭೆಯ ಒಪ್ಪಿಗೆ ಬೇಕು, ಅದಿನ್ನೂ ಸಿಕ್ಕಿರಲಿಲ್ಲ. ಮರುದಿನವೇ ಸುನ್ನಿವಾ ಫೆಬ್ರವರಿಯ ವರದಿ, ಅಕ್ಟೋಬರ್‌ನ ಕಾಗದದ ಪ್ರತಿ, ತನ್ನ ಹೇಳಿಕೆ ಮೂರನ್ನೂ ಅಲ್ಲಿಗೆ ಒಯ್ದುಕೊಟ್ಟಳು.

ಗುಮಾಸ್ತ ಕನ್ನಡಕ ಸರಿಮಾಡಿಕೊಂಡ. "ಇದ್ರಲ್ಲಿ ನಿಮ್ಮ ಹೆಸರೂ ಕೆಡುತ್ತೆ, ಗೊತ್ತಲ್ಲ?"

"ಗೊತ್ತು."

ಒಪ್ಪಿಗೆ ಸಿಗಲಿಲ್ಲ. ಕುರಿ ಮೇಯಿಸಬೇಕೆಂದವರು ವಕೀಲರ ಮಾತು ಕೇಳಿ ಹಿಂದೆ ಸರಿದರು. ಗುಡ್ಡ ಬೋರ್ಗಿಲ್‌ರಲ್ಲೇ ಉಳಿಯಿತು. ಸುನ್ನಿವಾ ಪೂರ್ತಿ ವರದಿಯನ್ನು ಕೈಯಾರೆ ಕೊಡಲು ಹೋದಾಗ ಅವರು ಹೊಸ್ತಿಲಲ್ಲೇ ನಿಂತು ಲಕೋಟೆ ತೆಗೆದುಕೊಂಡರು.

"ನೀನು ಕೆಟ್ಟವಳಲ್ಲ, ಗೊತ್ತು. ಆದ್ರೆ ಇನ್ಮೇಲೆ ಕಲ್ಲು ನೋಡಕ್ಕೆ ಬೇರೆ ಯಾರನ್ನಾದ್ರೂ ಕರೀತೀನಿ."

ಸುನ್ನಿವಾ ತಲೆಯಾಡಿಸಿದಳು.

ಜಂಟಿ ಪ್ರಬಂಧ ಅಲ್ಲಿಗೆ ಮುರಿದುಬಿತ್ತು. ಸೀವ್ ಬೇರೆ ಊರಿಗೆ ಹೋಗಿ ಓದು ಮುಗಿಸಿದಳೆಂದು ಯಾರೋ ಹೇಳಿದರು. ಸುನ್ನಿವಾ ಒಂದು ವರ್ಷ ತಡವಾಗಿ, ರಸ್ತೆಗೆ ಹಾಕುವ ಜಲ್ಲಿಯ ಬಗ್ಗೆ ಒಬ್ಬಳೇ ಬರೆದು ಪಾಸಾದಳು. ಗುಡ್ಡದ ವಿಷಯ ನಿಧಾನವಾಗಿ ಹಿಂದೆ ಸರಿಯಿತು. ಹೋಗದೆ ಉಳಿದದ್ದು ಬೇರೆ. ಎರಡನೇ ವರ್ಷ ಅವಳಿಗೆ ಜ್ವರ ಬಂದಾಗ ಸೀವ್ ಮೂರು ದಿನ ಪಕ್ಕದಲ್ಲೇ ಕೂತು, ಹಣೆಯ ಒದ್ದೆ ಬಟ್ಟೆ ಬದಲಿಸುತ್ತ, ಪಾಠ ಓದಿ ಹೇಳಿದ್ದಳು. ಆ ಅಕ್ಕರೆ ನಿಜವಾಗಿತ್ತೇ? ನಿಜವಾಗಿತ್ತೆಂದರೂ ನೋಯುತ್ತಿತ್ತು, ಅಲ್ಲವೆಂದರೂ ನೋಯುತ್ತಿತ್ತು.