ಮರಿಚಿಪ್ಪುಗಳಿಗೆ ಹೊಸ ನೀರು

ಹೊಳೆ ಕಡಲು ಸೇರುವ ಅಳಿವೆಯ ಕೆಸರಿನಲ್ಲಿ ಕಪ್ಪೆಚಿಪ್ಪು ಹೆಕ್ಕುವ ಹೆಂಗಸರಿಗೆ ಒಂದು ಕಟ್ಟುಪಾಡಿತ್ತು. ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು ಸಿಕ್ಕರೆ ಅಲ್ಲೇ ನೀರಿಗೆ ಬಿಡಬೇಕು. ಅವರಲ್ಲೊಬ್ಬಳಾದ ಆಕೆ ಜನ್ಮದಲ್ಲಿ ಅದನ್ನು ಮೀರಿದವಳಲ್ಲ. ಅಂದು ಮಾತ್ರ ದೊಡ್ಡದನ್ನೆಲ್ಲ ಬಿಟ್ಟು, ಬರೀ ಮರಿಗಳನ್ನೇ ಬುಟ್ಟಿ ತುಂಬಿಕೊಂಡು ಓಡೋಡಿ ಮನೆಗೆ ಬಂದಳು.

ಅಂದು ಬೆಳಿಗ್ಗೆ ಕಂಪನಿಯ ಕಚ್ಚಾ ಎಣ್ಣೆಯ ಕೊಳವೆ ಒಡೆದಿತ್ತು.

ಅಳಿವೆಯ ತಳದಲ್ಲಿ ಆ ಕೊಳವೆ ಬೇಡವೇ ಬೇಡ ಎಂದು, ಅದನ್ನು ಹಾಕುವ ಮೊದಲೇ, ಊರಿಗೆ ಊರೇ ಕಂಪನಿಯ ಗೇಟಿನೆದುರು ಕೂತಿತ್ತು. ಆಕೆಯೂ ಕೂತಿದ್ದಳು. ಗೇಟಿನೊಳಗೆ ಕಾವಲಿಗಿದ್ದವನು ಆಕೆಯ ಮಗನೇ.

"ಅಮ್ಮಂದು ಹೊರಗೆ ಧಿಕ್ಕಾರ, ಮಗಂದು ಒಳಗೆ ನಮಸ್ಕಾರ!" ಎಂದು ಪಕ್ಕದ ಮನೆಯವಳು ಅಣಕಿಸಿದ್ದಳು.

ಬಿಸಿಲೇರಿದಾಗ ಮಗ ತನ್ನ ಕೊಡೆಯನ್ನು ಬಿಚ್ಚಿ ಗೇಟಿನ ಸರಳಿಗೆ ಸಿಕ್ಕಿಸಿ ಹೋಗುತ್ತಿದ್ದ. ನೆರಳು ಸರಿಯಾಗಿ ಅಮ್ಮನ ನೆತ್ತಿಯ ಮೇಲೆ ಬೀಳುತ್ತಿತ್ತು. ಆಕೆ ನೆರಳು ಸರಿದತ್ತ ಸರಿಯುತ್ತಿದ್ದಳು.

ಹೆಕ್ಕಿ ತಂದ ಚಿಪ್ಪನ್ನು ಉಪ್ಪು ಬೆರೆಸಿದ ಒಳ್ಳೆಯ ನೀರಿನಲ್ಲಿಟ್ಟರೆ ಬಾಯಿ ತೆರೆದು ಹೊಟ್ಟೆಯ ಮರಳನ್ನು ಉಗುಳುತ್ತದೆ. ಹಾಗೆಯೇ ಎಣ್ಣೆಯನ್ನೂ ಉಗುಳಲಿ ಎಂದು ಆಕೆ ಮರಿಗಳನ್ನು ಉಪ್ಪುನೀರಿನ ಬೋಗುಣಿಗೆ ಸುರಿದಳು. ಆಮೇಲೆ ಎಣ್ಣೆ ಮುಟ್ಟದ ಕಡೆ ಒಯ್ದು ಬಿಟ್ಟರೆ ಬೀಜವಾದರೂ ಉಳಿದೀತು.

"ಅಲ್ಲ ಕಣೇ, ಎಣ್ಣೆ ಏನು ಮರಳಾ, ಉಗುಳೋಕೆ?" ಎಂದು ಪಕ್ಕದ ಮನೆಯವಳು ಬಾಗಿಲಲ್ಲೇ ನಿಂತು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ಹೋಗಿ ತನ್ನ ಮನೆಯ ಉಪ್ಪಿನ ಡಬ್ಬಿಯನ್ನೇ ತಂದು ಬೋಗುಣಿಯ ಪಕ್ಕದಲ್ಲಿಟ್ಟಳು.

ಮಧ್ಯಾಹ್ನ ಮಗ ಬಂದ. ಮೊಣಕಾಲಿನವರೆಗೂ ಕಪ್ಪು.

"ಅಮ್ಮಾ..."

"ಬೂಟು ಹೊರಗೇ ಬಿಡಪ್ಪ."

ಬಿಟ್ಟು ಬಂದವನು ಕೊಡ ಎತ್ತಿಕೊಂಡ. ಅವನು ನೀರು ತಂದ, ಆಕೆ ಬದಲಿಸಿದಳು. ಪ್ರತಿ ಸಲವೂ ನೀರಿನ ಮೇಲೆ ಬಣ್ಣಬಣ್ಣದ ತೆಳುಪೊರೆಯೊಂದು ತೇಲುತ್ತಿತ್ತು. ಹೊತ್ತು ಇಳಿಯುವಾಗ ಕೊನೆಗೂ ನೀರು ತಿಳಿಯಾಯಿತು. ಮರಿಗಳೆಲ್ಲ ಬಾಯಿ ತೆರೆದಿದ್ದವು.

ಜೀವವಿರುವ ಚಿಪ್ಪು ತಟ್ಟಿದರೆ ತಟ್ಟನೆ ಮುಚ್ಚಿಕೊಳ್ಳುತ್ತದೆ. ಆಕೆ ಒಂದೊಂದನ್ನೇ ಎತ್ತಿ ಉಗುರಿನಿಂದ ತಟ್ಟಿದಳು. ಮಲಗಿದ ಮಗುವನ್ನು ಎಬ್ಬಿಸುವವಳ ಹಾಗೆ ಮೆಲ್ಲಗೆ, ಮತ್ತೆ ಸ್ವಲ್ಪ ಜೋರಾಗಿ. ಯಾವುದೂ ಮುಚ್ಚಲಿಲ್ಲ. ಮಗ ಎದುರು ಕುಕ್ಕರಗಾಲಿನಲ್ಲಿ ಕೂತು ತಾನೂ ತಟ್ಟತೊಡಗಿದ. ಆಕೆಯ ಕೈ ಸೋತು ನಿಂತಾಗ ಬೋಗುಣಿಯ ತಳದಲ್ಲಿ ತಟ್ಟಿ ನೋಡದವು ಕೆಲವಷ್ಟೇ ಉಳಿದಿದ್ದವು.

"ಅಮ್ಮಾ, ಇಲ್ನೋಡು, ಇದು ಮುಚ್ಕೊಳ್ತು!"

ಆಕೆ ತಲೆಯೆತ್ತಿದಳು. ಮಗನ ಎರಡು ಬೆರಳುಗಳ ನಡುವೆ ಪುಟ್ಟದೊಂದು ಮರಿ. ಚಿಪ್ಪು ಮುಚ್ಚಿತ್ತು. ಅದನ್ನು ಒತ್ತಿ ಹಿಡಿದಿದ್ದ ಅವನ ಹೆಬ್ಬೆರಳಿನ ಉಗುರು ಬಿಳಿಚಿಕೊಂಡಿತ್ತು.

ಅದೇ ಮನೆಯಲ್ಲಿ, ಅದೇ ಬೋಗುಣಿಯ ಪಕ್ಕದಲ್ಲಿ ಬೆಳೆದ ಹುಡುಗ. ಜೀವವಿರುವ ಚಿಪ್ಪನ್ನು ಒತ್ತಿ ಹಿಡಿಯಬೇಕಿಲ್ಲ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

"ಹೂಂ ಮಗಾ, ಮುಚ್ಕೊಂಡಿದೆ," ಎಂದಳು ಆಕೆ. ತನ್ನ ಒದ್ದೆ ಕೈಯನ್ನು ಅವನ ಕೈಯ ಮೇಲಿಟ್ಟಳು. "ಬಿಡಬೇಡ. ಸ್ವಲ್ಪ ಹೊತ್ತು ಹಾಗೇ ಹಿಡ್ಕೊಂಡಿರು."