ಶೆಡ್ಡಿನೊಳಗಿನ ಟೂರಿಂಗ್ ಕಾರು

ಹಳೆಯ ಕಾರುಗಳನ್ನು ನೋಡಿ ಇದು ಅಸಲಿ, ಇದು ನಕಲಿ ಎಂದು ಬರೆದುಕೊಡುವುದು ಅವನ ಕಸುಬು. ಬಲ್ಲವರೆಲ್ಲ ಅವನನ್ನು ಅನುಮಾನದಣ್ಣ ಎಂದೇ ಕರೆಯುತ್ತಿದ್ದರು. ಹೆಂಡತಿ ಕೊಟ್ಟ ಕಾಫಿಯನ್ನೂ ಮೂಸಿ ನೋಡಿ ಕುಡಿಯುವ ಆಸಾಮಿ ಎಂದು ಸ್ವಂತ ಭಾವಮೈದುನನೇ ಆಡಿಕೊಳ್ಳುತ್ತಿದ್ದ. ಮೂರು ವರ್ಷದ ಹಿಂದೆ ಯಾರೋ ಮಾಮೂಲಿ ಕಾರಿನ ಛಾವಣಿ ಕತ್ತರಿಸಿ, ಬಟ್ಟೆಯ ಹುಡ್ ಹೊದಿಸಿ ತಂದಿದ್ದಕ್ಕೆ ಅಸಲಿ ಟೂರಿಂಗ್ ಕಾರು ಎಂದು ಸಹಿ ಹಾಕಿ ನಗೆಪಾಟಲಾಗಿದ್ದ. ಇನ್ನೊಮ್ಮೆ ಹಾಗಾದರೆ ಅವನ ಸಹಿಗೆ ಮೂರು ಕಾಸಿನ ಬೆಲೆ ಇರುವುದಿಲ್ಲ.

ಅದಕ್ಕೇ ಈ ಶೆಡ್ಡಿನ ಬಾಗಿಲು ತೆರೆದ ಕೂಡಲೇ ಅವನು ಮೊದಲು ಸಂಶಯಪಟ್ಟಿದ್ದು ಒಳಗಿದ್ದ ಟೂರಿಂಗ್ ಕಾರಿನ ಮೇಲಿನ ಧೂಳನ್ನು. ಜರಡಿ ಹಿಡಿದು ಉದುರಿಸಿದಂತೆ ಎಲ್ಲ ಕಡೆ ಒಂದೇ ಸಮ ಕೂತಿತ್ತು. ಬೆರಳಿನಿಂದ ಕೆರೆದ. ಕೆಳಗೆ ಇನ್ನೊಂದು ಪದರ, ಅದರ ಕೆಳಗೆ ಗಟ್ಟಿಯಾದ ಎಣ್ಣೆಜಿಡ್ಡು. ಧೂಳು ಅಸಲಿ.

"ಕಂಪನಿ ಬಾಡಿನೇ ಸಾರ್, ಒಂದು ಸ್ಕ್ರೂ ಕೂಡ ಬಿಚ್ಚಿಲ್ಲ. ಮ್ಯೂಸಿಯಮ್ಮಿನವರು ನಿಮ್ಮ ಕಾಗದಕ್ಕೇ ಕಾಯ್ತಿದಾರೆ. ಬಾಡಿ ಒರಿಜಿನಲ್ ಆದ್ರೆ ಮಾತ್ರ ತಗೋತಾರಂತೆ" ಎಂದ ಕಾರು ಮಾರಲು ಹೊರಟವನು. ಅವನು ಕಾರುಗಳಿಗೆ ಬಣ್ಣ ಹೊಡೆಯುವ ಪೇಂಟರ್. ಮಾತು ಮಾತಿಗೂ ಬಾಗಿಲ ಕಡೆ ತಿರುಗಿ, ಅಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಮುದುಕರನ್ನು ಗದರುತ್ತಿದ್ದ. "ಅಪ್ಪ, ನೀನು ಮನೆಗೆ ಹೋಗು ಅಂದ್ನಲ್ಲ."

ಅಪ್ಪ ಅಲುಗಾಡಲಿಲ್ಲ.

"ತಲೆಗೆ ವಯಸ್ಸಾಗಿದೆ ಸಾರ್. ಏನೇನೋ ಮಾತಾಡ್ತಾರೆ, ಕಿವಿಗೆ ಹಾಕ್ಕೋಬೇಡಿ."

ಅನುಮಾನದಣ್ಣನ ಕಿವಿ ನೆಟ್ಟಗಾಯಿತು. ಕಿವಿಗೆ ಹಾಕ್ಕೋಬೇಡಿ ಎಂದವರ ಮನೆಯಲ್ಲೇ ಕೇಳಬೇಕಾದ್ದು ಇರುತ್ತದೆ ಎಂಬುದು ಅವನ ಅನುಭವ.

ಚಾಸಿಯ ನಂಬರು ಸರಿಯಿತ್ತು, ಇಂಜಿನ್ನಿನದೂ ಸರಿಯಿತ್ತು. ಚಾಲಕನ ಕಡೆಯ ಬಾಗಿಲು ತೆರೆಯುವುದೇ ಇಲ್ಲ, ತಗಡಿನ ಮೇಲೆ ಬಾಗಿಲಿನ ಗೆರೆ ಮಾತ್ರ. ಆ ಕಾಲದ ಈ ಮಾಡೆಲ್ಲಿಗೆ ಹಾಗೇ ಇರಬೇಕು. ನಕಲಿ ಮಾಡುವವರು ಇಲ್ಲೇ ಸಿಕ್ಕಿಬೀಳುತ್ತಾರೆ, ನಿಜವಾದ ಬಾಗಿಲನ್ನೇ ಇಟ್ಟುಬಿಡುತ್ತಾರೆ. ಇಂಥ ಕಾರು ಇನ್ನೊಂದು ಇದೆಯೋ ಇಲ್ಲವೋ ಎಂದು ಅವನ ಎದೆ ಡವಗುಟ್ಟಿತು. ಎದೆ ಡವಗುಟ್ಟಿದ್ದಕ್ಕೇ ಅನುಮಾನ ಇನ್ನಷ್ಟು ಹೆಚ್ಚಿತು.

ಹಿಂದಿನ ಸೀಟು ಎತ್ತಿ, ತಗಡಿನ ಒಳಗಿನ ಮರದ ಚೌಕಟ್ಟನ್ನು ನೋಡಬೇಕಿತ್ತು. ಅಷ್ಟರಲ್ಲಿ ಮ್ಯೂಸಿಯಮ್ಮಿನಿಂದ ಫೋನ್ ಬಂತು. ಪೇಂಟರ್ ಹೊರಗೆ ಹೋದ.

"ಯಜಮಾನ್ರೇ, ಸ್ವಲ್ಪ ಟಾರ್ಚ್ ಹಿಡೀತೀರಾ?"

ಮುದುಕರು ಎದ್ದು ಬಂದರು. ಎಡಗೈಯಲ್ಲಿ ಟಾರ್ಚ್ ತಗೊಂಡು, ಎಲ್ಲಿಗೆ ಎಂದು ಇವನು ಹೇಳುವ ಮೊದಲೇ, ಸೀಟಿನಡಿಯ ಮೂಲೆಯಲ್ಲಿ ಎರಡು ಮರ ಕೂಡುವ ಜಾಗಕ್ಕೆ ಸರಿಯಾಗಿ ಬೆಳಕು ಬಿಟ್ಟರು.

ಅನುಮಾನದಣ್ಣ ಮರ ನೋಡಲಿಲ್ಲ, ಮುದುಕರ ಮುಖ ನೋಡಿದ. ಆಮೇಲೆ ಬಗ್ಗಿ ಮರ ನೋಡಿದ. ಕೂದಲು ತೂರದಂಥ ಜೋಡಣೆ. ಆದರೆ ಕಣ್ಣಿಗೆ ಬೀಳದ ಒಳಮೈಯಲ್ಲಿ ಉಳಿಯ ಗುರುತುಗಳು ಉಳಿದಿದ್ದವು, ಎಲ್ಲವೂ ಒಂದೇ ಕಡೆಗೆ ವಾಲಿದ್ದವು. ಕಾರ್ಖಾನೆಯಲ್ಲಿ ಹತ್ತಾರು ಕೈ ಓಡಾಡಿರುತ್ತದೆ. ಇಲ್ಲಿ ಓಡಾಡಿದ್ದು ಒಂದೇ ಕೈ, ಅದೂ ಎಡಗೈ.

"ಏನು ಕೆಲಸ ಮಾಡ್ತಿದ್ರಿ ನೀವು?"

"ಬಡಗಿ."

"ಇದನ್ನ ಮಾಡಿದ್ದು ನೀವಾ?"

ಮುದುಕರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಆಗ ಇದು ಊರ ಸಾಹುಕಾರ್ರದು, ಹಳ್ಳಕ್ಕೆ ಉರುಳಿಸಿದ್ರು. ಬಾಡಿ ಪುಡಿಪುಡಿ ಆಯ್ತು. ಇದ್ದ ಹಾಗೇ ಮಾಡು, ಯಾರಿಗೂ ಗೊತ್ತಾಗಬಾರದು ಅಂದ್ರು. ಮರ, ತಗಡು ಎರಡೂ ಹೊಸದಾಗಿ ಮಾಡ್ದೆ, ಹದಿನಾಲ್ಕು ತಿಂಗಳು ಹಿಡೀತು. ಯಾರಿಗೂ ಗೊತ್ತಾಗ್ಲಿಲ್ಲ. ಊರು ಬಿಡೋವಾಗ ಕಾರನ್ನ ನನಗೇ ಕೊಟ್ಟು ಹೋದ್ರು."

ಅನುಮಾನದಣ್ಣ ಇದನ್ನೂ ಸುಲಭಕ್ಕೆ ನಂಬುವವನಲ್ಲ. "ಹೊರಗಿಂದ ಕಾಣದ್ದು ಏನಾದ್ರೂ ಹೇಳಿ ನೋಡೋಣ."

"ಹಿಂದಿನ ಸೀಟಿನ ಎಡಗಡೆ ಮರದ ಕಂಬ. ತಗಡಿನ ಸಂದಿಲಿ ಕೈ ಹಾಕಿ. ಕೂಡಿಸೋವಾಗ ಮರ ಸೀಳ್ತು, ತೇಪೆ ಕೂರಿಸಿದೀನಿ. ವೀಳ್ಯದೆಲೆ ಆಕಾರ."

ಅವನು ಮೊಣಕೈತನಕ ಕೈ ತೂರಿಸಿದ. ಬೆರಳಿಗೆ ಮೊದಲು ಏನೂ ಸಿಗಲಿಲ್ಲ. ಆಮೇಲೆ ಎಲೆಯ ತುದಿ ಸಿಕ್ಕಿತು. ಅಂಚು ಹಿಡಿದು ತೊಟ್ಟಿನತನಕ ಸವರಿದ. ಮೂವತ್ತು ವರ್ಷದಲ್ಲಿ ಇಷ್ಟು ಒಳ್ಳೆಯ ಸುಳ್ಳನ್ನು ಅವನು ಕಂಡಿರಲಿಲ್ಲ, ಅದಕ್ಕೆ ಕೈಮುಗಿಯಬೇಕು ಅನ್ನಿಸಿತು.

ಪೇಂಟರ್ ಒಳಗೆ ಬಂದವನು ಇಬ್ಬರ ಮುಖವನ್ನೂ ನೋಡಿ ನಿಂತ. "ಅಪ್ಪ ಏನ್ ಹೇಳಿದ್ರು ಸಾರ್? ಮ್ಯೂಸಿಯಮ್ಮಿನವರು ಲೈನಲ್ಲೇ ಇದಾರೆ, ಅಸಲಿ ಅಂತ ಬರೀತೀರಲ್ಲ?"

"ಬಾಡಿ ಕಂಪನಿದಲ್ಲ ಕಣಪ್ಪ. ನಿಮ್ಮ ತಂದೆ ಕಟ್ಟಿದ್ದು."

ಪೇಂಟರ್‌ನ ಮುಖ ಕಪ್ಪಿಟ್ಟಿತು. "ಅಪ್ಪ ಕುರ್ಚಿ ಬೆಂಚು ಮಾಡ್ತಿದ್ದೋರು ಸಾರ್. ನಿನಗೆ ಬುದ್ಧಿ ಇದ್ಯಾ ಅಪ್ಪ? ಇಷ್ಟು ದಿನ ನನಗ್ಯಾಕೆ ಹೇಳ್ಲಿಲ್ಲ?"

"ನೀನು ಇದು ಎಷ್ಟಕ್ಕೆ ಹೋಗುತ್ತೆ ಅಂತ ಕೇಳ್ದೆ" ಎಂದರು ಮುದುಕರು. "ಯಾರು ಮಾಡಿದ್ದು ಅಂತ ಒಂದಿನವೂ ಕೇಳ್ಲಿಲ್ಲ."

ಅನುಮಾನದಣ್ಣ ಕಾಗದ ಬಿಚ್ಚಿದ. ಬಾಡಿ ಕಟ್ಟಿದವರು ಎಂಬ ಸಾಲಿನಲ್ಲಿ ಅವನು ಈವರೆಗೆ ಬರೆದಿದ್ದೆಲ್ಲ ಕಂಪನಿಗಳ ಹೆಸರು. ಮುದುಕರ ಹೆಸರು ಕೇಳಿದ. ಅವರು ತಮ್ಮ ಹೆಸರು, ಅಪ್ಪನ ಹೆಸರು ಎರಡನ್ನೂ ನಿಧಾನವಾಗಿ ಹೇಳಿದರು. ಅವನು ಬರೆದು, ಸಹಿ ಹಾಕಿ ಪೇಂಟರ್ ಕೈಗೆ ಕೊಟ್ಟ.

ಪೇಂಟರ್ ಆ ಸಾಲನ್ನು ಓದಿದ. ಹರಿದು ಹಾಕುತ್ತಾನೇನೋ ಎಂದು ಅನುಮಾನದಣ್ಣ ಹುಬ್ಬು ಗಂಟಿಕ್ಕಿದ. ಪೇಂಟರ್ ಮುಂದಿನ ಬಾಗಿಲ ಹತ್ತಿರ ಹೋಗಿ, ತೆರೆಯದ ಆ ಗೆರೆಯ ಮೇಲೆ ಬೆರಳು ಓಡಿಸಿದ. ಬಣ್ಣದ ಕೆಲಸದವನ ಬೆರಳು, ತಗಡಿನ ಏರುತಗ್ಗು ಅದಕ್ಕೆ ಗೊತ್ತು. ಎಲ್ಲೂ ತಡೆಯಲಿಲ್ಲ. ಆಮೇಲೆ ಫೋನನ್ನು ಕಿವಿಗಿಟ್ಟ.

"ಇಲ್ಲ ಸಾರ್, ಬಾಡಿ ಕಂಪನಿದಲ್ಲ" ಎಂದ. ಆ ಕಡೆಯವರು ಏನೋ ಕೇಳಿದರು. ಅವನು ಅಪ್ಪನ ಕಡೆ ತಿರುಗಿದ. "ನಮ್ಮಪ್ಪ ಮಾಡಿದ್ದು."